ವಿಮಲಾ ಮೇಡಂ ಕೇಳುತ್ತಿದ್ದ ಟೈಮು

ವಿಮಲಾ ಮೇಡಂ ಫೋನಿನಲ್ಲಿ ಹಲೋ ಎನ್ನುತ್ತಿರಲಿಲ್ಲ. “ನಿಮ್ಮಲ್ಲಿ ಈಗ ಟೈಮೆಷ್ಟು?” ಎಂದೇ ಶುರುಮಾಡುತ್ತಿದ್ದರು.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ. ಶಾಲೆಗಳಲ್ಲಿ ತಾನಾಗಿ ಬೆಲ್ ಹೊಡೆಯುವ ಪೆಟ್ಟಿಗೆ ಮಾಡುತ್ತಿದ್ದೆವು. ಅವನ್ನು ಟೆಸ್ಟ್ ಮಾಡುವ ಕೆಲಸ ಮೇಡಂ ಅವರದು. ನಾನು ಸೇರಿದ ದಿನ, ಪೆಟ್ಟಿಗೆಯೊಳಗಿನ ಗಡಿಯಾರವನ್ನು ನಡೆಸುವ, ಅಕ್ಕಿಕಾಳಿನಂಥ ಒಂದು ಕ್ರಿಸ್ಟಲ್ಲನ್ನು ನನ್ನ ಅಂಗೈಗೆ ಹಾಕಿದರು.

“ಇದು ಸೆಕೆಂಡಿಗೆ ಮೂವತ್ತೆರಡು ಸಾವಿರದ ಏಳ್ನೂರ ಅರವತ್ತೆಂಟು ಸಲ ನಡುಗುತ್ತೆ ಕಣಮ್ಮ ಸುಮಾ. ಅದನ್ನ ಅರ್ಧ ಮಾಡು, ಮತ್ತೆ ಅರ್ಧ ಮಾಡು. ಹದಿನೈದು ಸಲ ಮಾಡಿದ್ರೆ ಒಂದೇ ಒಂದು ಉಳಿಯುತ್ತೆ. ಅದೇ ನಮ್ಮ ಸೆಕೆಂಡು.”

ಬಿಸಿಲು ತಾಕಿದರೆ ಆ ನಡುಕ ತುಸು ನಿಧಾನವಾಗುತ್ತದೆ. ತಿಂಗಳಿಗೊಂದು ನಿಮಿಷ ಬೆಲ್ ಹಿಂದೆ ಬಿದ್ದರೂ ಬಿದ್ದೀತು. ಅದಕ್ಕೇ ಮೇಡಂ ತಿಂಗಳಿಗೊಮ್ಮೆ ಎಲ್ಲ ಶಾಲೆಗಳಿಗೂ ಫೋನ್ ಮಾಡಿ, ತಪ್ಪಿದ್ದರೆ ಸರಿಪಡಿಸುವ ಬಗೆ ಹೇಳುತ್ತಿದ್ದರು. ಆಮೇಲೆ ಮಾತು ಬೇರೆ ಕಡೆ ಹೊರಳುತ್ತಿತ್ತು. ಯಾರ ಮಗುವಿಗೆ ಜ್ವರ, ಯಾರ ಮನೆಗೆ ನೀರು ಬಂದಿಲ್ಲ, ಎಲ್ಲ ಅವರಿಗೆ ಗೊತ್ತು. ಲಿಂಗರಾಜಪುರದಲ್ಲಿ ಅವರು ಒಬ್ಬರೇ ಇದ್ದರು. ಅವರ ಮೊಬೈಲು ತಾನಾಗಿ ರಿಂಗಾದದ್ದನ್ನು ಆಫೀಸಿನಲ್ಲಿ ನಾನು ಕೇಳಿದ ನೆನಪಿಲ್ಲ.

ಒಮ್ಮೆ ಕೃಷ್ಣರಾಜಪುರದ ಶಾಲೆಗೆ ಇಬ್ಬರೂ ಹೋದೆವು. ತಗಡಿನ ಶೀಟಿನ ಕೆಳಗೆ ಪೆಟ್ಟಿಗೆ ಕಾದು ಕೆಂಡವಾಗಿತ್ತು. ಅದನ್ನು ನೆರಳಿಗೆ ಸರಿಸಿದೆವು. ಅಲ್ಲಿನ ಪ್ಯೂನ್ ಮುನಿಯಪ್ಪ, ಇಷ್ಟು ವರ್ಷ ಬರೀ ದನಿಯಲ್ಲಿ ಪರಿಚಯವಿದ್ದವರು, ಕುರ್ಚಿಯನ್ನು ಟವೆಲ್ಲಿನಲ್ಲಿ ಒರೆಸಿ, “ಕೂತ್ಕೊಳ್ಳಿ ಮೇಡಂ. ನೀವು ಇಷ್ಟು ಸಣ್ಣಗಿದ್ದೀರಾ? ದನಿ ಕೇಳಿ ದೊಡ್ಡ ಆಳು ಅಂದ್ಕೊಂಡಿದ್ದೆ!” ಎಂದರು. ಮೇಡಂ ಬಾಯಿಗೆ ಸೆರಗು ಹಿಡಿದು ನಕ್ಕರು. ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದೆ ಗಡಿಯಾರಕ್ಕೆ ಹೊಸ ಚಿಪ್ ಬಂತು. ಕ್ರಿಸ್ಟಲ್ ಅದರೊಳಗೇ ಇತ್ತು. ಬಿಸಿಗೆ ತಕ್ಕಂತೆ ಲೆಕ್ಕವನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಅದರ ಸರ್ಕ್ಯೂಟ್ ಬೋರ್ಡು ಮಾಡಿದ್ದು ನಾನು, ವಾರಗಟ್ಟಲೆ ಬಿಸಿಯಲ್ಲಿಟ್ಟು ಪರೀಕ್ಷಿಸಿದ್ದು ಮೇಡಂ. “ಚೆನ್ನಾಗಿದೆ ಸುಮಾ. ಪಾಸು,” ಎಂದರು.

ನಮ್ಮ ಯಜಮಾನರಿಗೆ ಸಂಭ್ರಮ. “ಇನ್ಮೇಲೆ ನೀವು ಯಾರಿಗೂ ಫೋನ್ ಮಾಡ್ಬೇಕಾಗಿಲ್ಲ ಮೇಡಂ!”

“ಹೌದಲ್ವಾ,” ಎಂದು ಮೇಡಂ ಟೇಬಲ್ ಒರೆಸತೊಡಗಿದರು. ಅದೇ ವರ್ಷ ಕೆಲಸ ಬಿಟ್ಟರು. ಮರುವರ್ಷ ತೀರಿಕೊಂಡರು.

ಕೊನೆಯ ಸಲ ನೋಡಿದ್ದು ಲಿಂಗರಾಜಪುರದ ಅವರ ಮನೆಯಲ್ಲಿ. ಕಾಫಿ ಕುಡಿಯುತ್ತಾ, “ಮುನಿಯಪ್ಪನ ಮಗಳಿಗೆ ಗಂಡು ಗೊತ್ತಾಯ್ತೋ ಏನೋ,” ಎಂದರು.

“ಫೋನ್ ಮಾಡಿ ಮೇಡಂ. ನಂಬರ್ ಇದೆಯಲ್ಲ?”

“ಏನಂತ ಮಾಡ್ಲಿ? ಕಾರಣ ಬೇಕಲ್ಲಮ್ಮ.”

ಬೇಡವೆಂದರೂ ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದರು. ಬಸ್ಸು ಬಂದಾಗ ನನ್ನ ಮೊಣಕೈ ಹಿಡಿದು, “ಇದ್ರಲ್ಲಿ ರಶ್ಶು ಕಣೆ, ಮುಂದಿನದಕ್ಕೆ ಹೋಗು,” ಎಂದರು.

ಬಸ್ಸಿನಲ್ಲಿ ಸೀಟುಗಳು ಖಾಲಿಯಿದ್ದವು. ನಾನು ಹತ್ತಲಿಲ್ಲ.