ತಿರುಗಿಸಿ ಹಾಕಿದ ಸೆಲ್ಲು

ಶ್ರಾವ್ಯ, ಆ ನೀಲಿ ಕಾರನ್ನು ಓಡಿಸುತ್ತಿದ್ದುದು ನೀನಲ್ಲ. ನಾನು.

ಬರೆದುಬಿಟ್ಟೆ. ಹದಿಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಒಂದು ಸಾಲಿಗೇ ಮುಗಿದುಹೋಯಿತಲ್ಲ ಎಂದು ನನಗೇ ಒಂದು ಥರ ಆಗುತ್ತಿದೆ. ಇಲ್ಲಿಗೇ ನಿಲ್ಲಿಸಿದರೆ ನಿನಗೆ ಏನೂ ಅರ್ಥವಾಗುವುದಿಲ್ಲ, ಅಜ್ಜಿಗೆ ಅರಳುಮರಳು ಎಂದುಕೊಳ್ಳುತ್ತೀಯ. ನನಗೆ ಎಪ್ಪತ್ತಾರಾಯಿತು. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ, ನಾಲ್ಕು ಸಾಲು ಬರೆದರೆ ಕಣ್ಣಲ್ಲಿ ನೀರು ತುಂಬುತ್ತದೆ — ಅಳುವಲ್ಲ, ವಯಸ್ಸು. ಆದರೂ ಪೂರ್ತಿ ಬರೆಯುತ್ತೇನೆ.

ಹೋದ ಭಾನುವಾರ ಊಟಕ್ಕೆ ಕೂತಾಗ ನಿನ್ನಪ್ಪ ಸ್ಕೂಟರಿನ ಮಾತು ತೆಗೆದ. "ಬಲಗೈಲಿ ಆಕ್ಸಿಲರೇಟರ್ ತಿರುಗಿಸಕ್ಕೆ ಕಷ್ಟ ಆಗತ್ತಲ್ಲ ಪುಟ್ಟಿ, ಎಡಗಡೆಗೆ ಹಾಕ್ಕೊಡೋವ್ರು ಇದಾರಂತೆ. ವಿಚಾರಿಸ್ಲಾ?" ಎಂದ. ನೀನು ನಗುತ್ತಲೇ ಹೇಳಿದೆ. "ಚಿಕ್ಕೋಳಿದ್ದಾಗ ಬಲಗೈ ಸಖತ್ತಾಗಿ ಬರ್ತಿತ್ತಪ್ಪ. ರಿಮೋಟ್ ಕಾರೆಲ್ಲ ಓಡಿಸ್ತಿದ್ದೆ, ನೆನಪಿಲ್ವಾ? ಆಮೇಲೆ ನಾನೇ ಸೋಂಬೇರಿ, ಪ್ರಾಕ್ಟೀಸ್ ಬಿಟ್ಬಿಟ್ಟೆ. ಈಗ ಯಾರನ್ನ ಬೈಯೋದು?"

ಬೈಸಿಕೊಳ್ಳಬೇಕಾದವಳು ಅಲ್ಲೇ ಸಾರಿನ ಸೌಟು ಹಿಡಿದು ನಿಂತಿದ್ದೆ. ನಿನ್ನ ತಟ್ಟೆಗೆ ಬಡಿಸುವುದನ್ನು ಬಿಟ್ಟು ಒಲೆಯ ಹತ್ತಿರ ಹೋಗಿ, ಏನೋ ಹುಡುಕುವವಳ ಹಾಗೆ ಡಬ್ಬಗಳನ್ನು ಅತ್ತಿತ್ತ ಸರಿಸಿದೆ. ಹತ್ತೊಂಬತ್ತು ವರ್ಷದ ಹುಡುಗಿ, ತನ್ನ ಕೈ ಹೀಗಾಗಿದ್ದು ತನ್ನದೇ ಸೋಂಬೇರಿತನದಿಂದ ಎಂದು ನಂಬಿಕೊಂಡು, ಅದನ್ನು ತಮಾಷೆ ಮಾಡಿಕೊಂಡು ಬದುಕುತ್ತಿದ್ದಾಳೆ. ಇಷ್ಟು ದಿನ ನನಗೆ ಇದು ಗೊತ್ತೇ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ನೀನು ದಿನ ತುಂಬುವ ಮೊದಲೇ ಹುಟ್ಟಿದವಳು. ಬಲಗೈಯಲ್ಲಿ ಬಲ ಕಡಿಮೆ, ಹೆಬ್ಬೆರಳು ಯಾವಾಗಲೂ ಮುಷ್ಟಿಯೊಳಗೆ ಅಡಗಿ ಕೂತಿರುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಆಫೀಸಿಗೆ ಹೋದರೆ ಕತ್ರಿಗುಪ್ಪೆಯ ಈ ಮನೆಯಲ್ಲಿ ನಾವಿಬ್ಬರೇ. ವಾರಕ್ಕೆರಡು ಸಲ ಆಟೋ ಹಿಡಿದು ಜೆ.ಪಿ. ನಗರದ ಥೆರಪಿಗೆ ನಿನ್ನನ್ನು ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ನಿನಗೆ ಆರು ತುಂಬಿದಾಗ ಅಲ್ಲಿಯ ಮೇಡಂ ಹೇಳಿದರು, "ಒಂದು ರಿಮೋಟ್ ಕಾರ್ ಕೊಡಿಸಿ ಅಮ್ಮ. ಪಿಸ್ತೂಲ್ ಥರದ್ದು ಬೇಡ, ಸ್ಟಿಯರಿಂಗ್ ಇರೋದೂ ಬೇಡ. ಎರಡು ಲಿವರ್ ಇರ್ಬೇಕು. ಎಡಗಡೇದು ಹಿಂದೆ ಮುಂದೆ, ಬಲಗಡೇದು ತಿರುಗಿಸಕ್ಕೆ. ಆ ಹೆಬ್ಬೆರಳು ತಾನಾಗೇ ಆಚೆ ಬರ್ಬೇಕು. ದಿನಾ ಅರ್ಧ ಗಂಟೆ. ಈಗ ಎಳೇ ವಯಸ್ಸು, ಬಳಸಿದಷ್ಟೂ ಬರತ್ತೆ."

ಜಯನಗರ ನಾಲ್ಕನೇ ಬ್ಲಾಕಿನ ಆಟದ ಸಾಮಾನಿನ ಅಂಗಡಿಯಲ್ಲಿ ನಾವು ಎಷ್ಟು ಹೊತ್ತು ನಿಂತಿದ್ದೆವು, ನೆನಪಿದೆಯಾ? ನಿನಗೆ ಹಿಂದಿನ ಚಕ್ರದ ಮೇಲೆ ಎದ್ದು ನಿಲ್ಲುವ ಕೆಂಪು ಕಾರು ಬೇಕಿತ್ತು. ನಾನು ಒಂದೊಂದೇ ರಿಮೋಟನ್ನು ಕೈಗೆ ತೆಗೆದುಕೊಂಡು ನೋಡಿದೆ. ಒಂದು ನಿನ್ನ ಅಂಗೈಗೆ ದೊಡ್ಡದು, ಒಂದರ ಲಿವರ್ ತುಂಬ ಬಿಗಿ, ಮತ್ತೊಂದು ಕಾರು ಬಿಟ್ಟ ಕೂಡಲೇ ಗೋಡೆಗೆ ಹೋಗಿ ಗುದ್ದುವಷ್ಟು ಜೋರು. ಕೊನೆಗೆ ಸಿಕ್ಕಿದ್ದು ಈ ನೀಲಿ ಕಾರು — ನಿಧಾನ, ಸುತ್ತ ರಬ್ಬರು, ಮುಟ್ಟಿದರೆ ಬಾಗುವ ಲಿವರ್. ಆರಿಸುವುದರಲ್ಲಿ ನಾನು ತಪ್ಪಲಿಲ್ಲ ಶ್ರಾವ್ಯ. ಅಷ್ಟರಮಟ್ಟಿಗೆ ಜಂಬ ಈಗಲೂ ಇದೆ.

ನಮ್ಮ ಪಕ್ಕದಲ್ಲಿ ಒಬ್ಬಾಕೆ ಇಬ್ಬರು ಮಕ್ಕಳಿಗೂ ಇದೇ ಕಾರು ಕೇಳುತ್ತಿದ್ದಳು. ಅಂಗಡಿಯವನು, "ಒಂದೇ ಮಾಡೆಲ್ ಎರಡು ಬೇಡ ಮೇಡಂ. ಒಂದರ ರಿಮೋಟ್ ಒತ್ತಿದ್ರೆ ಎರಡೂ ಓಡತ್ತೆ, ಮಕ್ಕಳು ಜಗಳ ಆಡ್ತಾರೆ" ಎಂದ. ಆಗ ಆ ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಮನೆಗೆ ತಂದ ಮೇಲೆ ಹತ್ತು ದಿನ. ಕಾರು ನೆಟ್ಟಗೆ ಹೋಗುವುದು, ಮಂಚದ ಕಾಲಿಗೆ ಡಿಕ್ಕಿ ಹೊಡೆದು ಅಲ್ಲೇ ಗೊರಗೊರ ಎನ್ನುವುದು. ತಿರುಗಿಸಬೇಕು — ಹೆಬ್ಬೆರಳು ಬರದು. ನೀನು ಅಳುವೆ, ರಿಮೋಟು ನೆಲಕ್ಕೆ ಬೀಳುವುದು, ಆಮೇಲೆ ಎಡಗೈಯಿಂದ ಬಲಗೈಯನ್ನು ಪಟಪಟ ಹೊಡೆದುಕೊಳ್ಳುವೆ. "ಈ ಕೈ ಬೇಡ ಅಜ್ಜಿ ನಂಗೆ" ಎನ್ನುವೆ. ಪ್ರತಿ ಸಂಜೆ ಐದರಿಂದ ಆರರವರೆಗೆ ಇದೇ.

ನಿನ್ನ ಮೇಲಿನ ಮರುಕದಿಂದ ಹಾಗೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಮರುಕ ಇರಲಿಲ್ಲ ಎಂದಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ — ಸಾಕಾಗಿತ್ತು. ಆಟೋದವರ ಜೊತೆ ಜಗಳ ಸಾಕಾಗಿತ್ತು, ಮಂಡಿನೋವು ಸಾಕಾಗಿತ್ತು, ನಿನ್ನ ಅಳು ಸಾಕಾಗಿತ್ತು. ಒಂದು ಸಂಜೆ, ಒಂದೇ ಒಂದು ಸಂಜೆ, ಈ ಮನೆಯಲ್ಲಿ ಅಳು ಇಲ್ಲದೆ ದೀಪ ಹಚ್ಚಬೇಕು ಅನ್ನಿಸಿತ್ತು.

ನೀನು ಸ್ಕೂಲಿಗೆ ಹೋದಾಗ ಒಬ್ಬಳೇ ಜಯನಗರಕ್ಕೆ ಹೋದೆ. "ಅದೇ ಮಾಡೆಲ್ಲಾ? ಹೇಳಿದ್ನಲ್ಲಮ್ಮ, ಎರಡೂ ಕ್ಲ್ಯಾಶ್ ಆಗತ್ತೆ" ಎಂದ ಅಂಗಡಿಯವನು. "ಆಗ್ಲಿ, ಅದನ್ನೇ ಕೊಡಪ್ಪ" ಎಂದೆ. ಎರಡನೆಯ ಕಾರನ್ನು, ನಾನಲ್ಲದೆ ಬೇರೆ ಯಾರೂ ತೆರೆಯದ ದಸರಾ ಬೊಂಬೆಯ ಪೆಟ್ಟಿಗೆಯಲ್ಲಿ, ಬೊಂಬೆಗಳ ಕೆಳಗೆ ಹಳೆ ಸೀರೆ ಸುತ್ತಿ ಮುಚ್ಚಿಟ್ಟೆ. ಅದರ ರಿಮೋಟನ್ನು ಮಾತ್ರ ಕೈಗೆ ತೆಗೆದುಕೊಂಡೆ.

ನೀನು ಒತ್ತುವಾಗಲೇ ನಾನೂ ಒತ್ತಿದರೆ ಕಾರು ಎಲ್ಲಿಗೂ ಹೋಗದೆ ಗಡಗಡ ನಡುಗುತ್ತಿತ್ತು. ಹಾಗಾಗಿ ಮಾರನೆಯ ದಿನ ಹೊಲಿಗೆ ಮಿಷನ್ನಿನ ಪುಟ್ಟ ಸ್ಕ್ರೂಡ್ರೈವರ್ ತಂದು ನಿನ್ನ ರಿಮೋಟಿನ ಹಿಂದಿನ ಮುಚ್ಚಳ ಬಿಚ್ಚಿದೆ. ಒಂದು ಸೆಲ್ಲನ್ನು ತಿರುಗಿಸಿ ಹಾಕಿದೆ. ತೂಕ ಹಾಗೇ ಇತ್ತು, ಜೀವ ಇರಲಿಲ್ಲ.

ನಾನು ಯಾರು ಎಂಬುದನ್ನು ಇಲ್ಲಿ ಹೇಳಲೇಬೇಕು. ನಿನಗೆ ಗೊತ್ತಿರುವುದು ಅಜ್ಜಿ ಮಾತ್ರ. ನಾನು ಮೂವತ್ತು ವರ್ಷ ಬನಶಂಕರಿಯಲ್ಲಿ ಟೈಪಿಂಗ್ ಹೇಳಿಕೊಟ್ಟವಳು. ಕಿರುಬೆರಳು ಏಳುವುದಿಲ್ಲ ಮೇಡಂ ಎಂದು ಅತ್ತ ಹುಡುಗಿಯರು ನೂರಾರು. ಅವರ ಕೈ ಮೇಲೆ ಬಟ್ಟೆ ಮುಚ್ಚಿ, "ಅಳ್ತಾನೇ ಒತ್ತು" ಎನ್ನುತ್ತಿದ್ದೆ. ಒಬ್ಬಳ ಪರವಾಗಿಯೂ, ಒಂದು ಅಕ್ಷರವನ್ನೂ ನಾನು ಒತ್ತಲಿಲ್ಲ. ಬೆರಳು ತಪ್ಪು ಮಾಡಿ ಮಾಡಿಯೇ ಕಲಿಯಬೇಕು, ಬೇರೆಯವರು ಕಲಿತುಕೊಡಲಾಗದು — ಇದು ಈ ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಸಂಜೆ ಸೊಪ್ಪು ಬಿಡಿಸುವ ಮೊರ ತೊಡೆಯ ಮೇಲೆ, ಸೆರಗಿನ ಕೆಳಗೆ ರಿಮೋಟು. ಯಾವ ಹುಡುಗಿ ಯಾವ ಅಕ್ಷರಕ್ಕೆ ಹೋಗುತ್ತಾಳೆ ಎಂದು ಬೆರಳು ಏಳುವ ಮೊದಲೇ ಹೇಳುತ್ತಿದ್ದವಳಿಗೆ ನಿನ್ನನ್ನು ಓದುವುದು ಯಾವ ಕಷ್ಟ? ಎಡ ಹೆಬ್ಬೆರಳು ಮುಂದೆ ಹೋದರೆ ನಾನು ಮುಂದೆ. ಬಲಕ್ಕೆ ಬೇಕಾದಾಗ ನೀನು ಇಡೀ ಮೈಯನ್ನೇ ಬಲಕ್ಕೆ ವಾಲಿಸುತ್ತಿದ್ದೆ, ನಾನು ತಿರುಗಿಸುತ್ತಿದ್ದೆ. ಮೊದಲ ಸಲ ಕಾರು ಮಂಚದ ಕಾಲನ್ನು ಬಳಸಿಕೊಂಡು ಹೋದಾಗ, "ಅಜ್ಜೀ, ತಿರುಗ್ತು!" ಎಂದು ಓಡಿಬಂದು ನನ್ನ ಕುತ್ತಿಗೆ ತಬ್ಬಿಕೊಂಡೆ. ಒಂದೇ ಕೈಯಲ್ಲಿ ನಿನ್ನನ್ನು ಹಿಡಿದುಕೊಂಡೆ. ಇನ್ನೊಂದು ಕೈ ಸೆರಗಿನ ಕೆಳಗೇ ಇತ್ತು.

ಒಂದೇ ಸಂಜೆ ಎಂದುಕೊಂಡಿದ್ದು ತಿಂಗಳುಗಳಾಯಿತು. ನಿನ್ನ ಹೆಬ್ಬೆರಳು ಮುಷ್ಟಿಯೊಳಗೇ ಉಳಿಯಿತು, ಮೈ ವಾಲುವುದನ್ನು ಕಲಿಯಿತು. ಈಗಲೂ ನಲ್ಲಿ ತಿರುಗಿಸುವಾಗ, ಬಾಗಿಲ ಚಿಲಕ ತೆಗೆಯುವಾಗ ನೀನು ಬಲಕ್ಕೆ ವಾಲುತ್ತೀಯಲ್ಲ — ಅದು ನಾನು ಕಲಿಸಿದ್ದು.

ಥೆರಪಿಯ ಮೇಡಂ ಒಂದು ದಿನ ಅವರ ಹತ್ತಿರವಿದ್ದ ಕಾರು ಕೊಟ್ಟು ಓಡಿಸು ಎಂದರು. ನೀನು ವಾಲಿದೆ. ಕಾರು ನೆಟ್ಟಗೆ ಹೋಗಿ ಗೋಡೆಗೆ ಗುದ್ದಿತು. "ಮನೇಲಿ ಚೆನ್ನಾಗಿ ತಿರುಗಿಸ್ತೀಯಂತೆ, ಇಲ್ಲೇನು ನಾಟಕ?" ಎಂದು ಮೇಡಂ ಗದರಿದರು. ನೀನು ನನ್ನ ಕಡೆ ತಿರುಗಿ, "ಅಜ್ಜಿ, ಹೇಳು. ನಾನು ತಿರುಗಿಸ್ತೀನಿ ಅಲ್ವಾ?" ಎಂದೆ.

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. "ತಿರುಗಿಸ್ತಾಳೆ ಮೇಡಂ. ಇವತ್ತು ಯಾಕೋ ಹಟ ಮಾಡ್ತಿದಾಳೆ" ಎಂದೆ.

ನಿನ್ನ ಮುಖ ಸಣ್ಣದಾಯಿತು. ಆಟೋದಲ್ಲಿ ಬರುವಾಗ ನನಗೆ ಒರಗಿಕೊಂಡು ಹೇಳಿದೆ, "ನನ್ನ ಕೈ ಮನೇಲಿ ಮಾತ್ರ ಮಾತು ಕೇಳತ್ತೆ ಅಜ್ಜಿ."

ಇಷ್ಟೇ ಆಗಿದ್ದರೆ ಈ ಕಾಗದ ಬರೆಯುವ ಧೈರ್ಯ ಮೊದಲೇ ಬರುತ್ತಿತ್ತೇನೋ. ಇನ್ನೂ ಒಂದಿದೆ.

ಆ ವರ್ಷದ ಆಯುಧಪೂಜೆ. ಅಪ್ಪನ ಬೈಕು, ಅಮ್ಮನ ಸ್ಕೂಟರು ತೊಳೆದು ಗೇಟಿನ ಒಳಗೆ ನಿಲ್ಲಿಸಿ, ಬೂದುಗುಂಬಳ ಒಡೆದಾಗಿತ್ತು. ನಿನ್ನ ನೀಲಿ ಕಾರಿಗೂ ಅರಿಶಿನ ಕುಂಕುಮ, ಚೆಂಡು ಹೂವು. ಅಪ್ಪ ಅದರ ಬಲಗಡೆಗೆ ಒಂದು ನಿಂಬೆಹಣ್ಣು ಇಟ್ಟು, "ತಿರುಗಿಸಿ ಅದನ್ನ ಗುದ್ದು ನೋಡೋಣ, ಎಲ್ರೂ ನೋಡ್ಲಿ" ಎಂದ. ಅಕ್ಕಪಕ್ಕದ ಮನೆಯವರೂ ಬಂದು ನಿಂತಿದ್ದರು. ನನ್ನ ಎರಡು ಕೈಯಲ್ಲೂ ಮಂಗಳಾರತಿ ತಟ್ಟೆ. ರಿಮೋಟು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದೆ, ಆದರೆ ಕೈ ಖಾಲಿ ಇರಲಿಲ್ಲ.

ನೀನು ಅವತ್ತು ವಾಲಲಿಲ್ಲ ಶ್ರಾವ್ಯ. ಅಷ್ಟು ಜನರ ಮುಂದೆ ನೆಟ್ಟಗೆ ನಿಂತು ನಿಂಬೆಹಣ್ಣನ್ನೇ ನೋಡುತ್ತಿದ್ದೆ. ನಾನು ನಿನ್ನ ಕೈಯನ್ನೇ ನೋಡುತ್ತಿದ್ದೆ, ಅಭ್ಯಾಸ. ಹೆಬ್ಬೆರಳು ಮುಷ್ಟಿಯಿಂದ ಆಚೆ ಬಂತು. ಮೆಲ್ಲಗೆ, ನಡುಗುತ್ತಾ — ಬಂತು. ಲಿವರಿನ ಮೇಲೆ ಕೂತಿತು. ಬಲಕ್ಕೆ ಒತ್ತಿತು. ಪೂರ್ತಿ ಒತ್ತಿತು.

ಕಾರು ಅಲ್ಲಾಡಲಿಲ್ಲ. ಹೇಗೆ ಅಲ್ಲಾಡಬೇಕು? ಸೆಲ್ಲು ತಿರುಗಿಸಿ ಹಾಕಿದವಳು ನಾನು.

ನೀನು ನನ್ನನ್ನು ನೋಡಿದೆ. ನಾನು ತಟ್ಟೆ ಕೆಳಗಿಟ್ಟು, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಕೈ ಒಳಗೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಸರಿಯಾಗಿ ಒತ್ತಿಲ್ಲ ಕಣೇ. ಇನ್ನೊಂದ್ಸಲ ಒತ್ತು."

ಎರಡನೆಯ ಸಲ ನಿನ್ನ ಹೆಬ್ಬೆರಳು ಸೋತು ಒಳಗೆ ಸೇರಿಕೊಂಡಿತ್ತು. ನೀನು ಸುಮ್ಮನೆ ವಾಲಿದೆ. ಕಾರು ಚೆಂದವಾಗಿ ಬಲಕ್ಕೆ ತಿರುಗಿ ನಿಂಬೆಹಣ್ಣನ್ನು ಗುದ್ದಿತು. ಹಣ್ಣು ಉರುಳಿ ಸ್ಕೂಟರಿನ ಕೆಳಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಿನ್ನಪ್ಪ ಕಣ್ಣೊರೆಸಿಕೊಂಡ. ನೀನು ಮಾತ್ರ ನಗಲಿಲ್ಲ. ಒಳಗೆ ಬಂದ ಮೇಲೆ ನನ್ನ ಕೈ ಎಳೆದು, "ಮೊದ್ಲೇ ಸಲಾನೇ ಗಟ್ಟಿಯಾಗಿ ಒತ್ತಿದ್ದೆ ಅಜ್ಜಿ. ಹೋಗ್ಲೇ ಇಲ್ಲ" ಎಂದೆ.

"ಇಲ್ಲ ಪುಟ್ಟಿ, ನಿಂಗೆ ಹಾಗನ್ನಿಸ್ತು ಅಷ್ಟೆ" ಎಂದೆ ನಾನು.

ಅವತ್ತು ಮಧ್ಯಾಹ್ನವೇ ಆ ಮುಚ್ಚಳ ಬಿಚ್ಚಿ ಸೆಲ್ಲು ಸರಿಮಾಡಬಹುದಿತ್ತು. ಎರಡು ನಿಮಿಷದ ಕೆಲಸ. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೂ ಇದ್ದೆ. ಆದರೆ ಹೆಬ್ಬೆರಳು ನಾಳೆ ಬಾರದಿದ್ದರೆ? ಮತ್ತೆ ಅಳು. ಇಷ್ಟು ದಿನ ಆದದ್ದೆಲ್ಲ ಏನು ಎಂದು ನಿನ್ನಪ್ಪ ಅಮ್ಮ ಕೇಳಿದರೆ? ಸ್ಕ್ರೂಡ್ರೈವರನ್ನು ಮಿಷನ್ನಿನ ಡ್ರಾಯರಿನಲ್ಲಿ ವಾಪಸ್ಸು ಇಟ್ಟೆ.

ಒಂದು ವಾರದಲ್ಲಿ ನೀನು ಕಾರನ್ನು ಷೋಕೇಸಿನಲ್ಲಿಟ್ಟೆ. ಬೋರು ಎಂದೆ. ಬಲಗೈಯಲ್ಲಿ ಏನು ಮಾಡು ಎಂದರೂ ಪ್ರಯತ್ನಿಸುವುದನ್ನು ಬಿಟ್ಟೆ. ಜೆ.ಪಿ. ನಗರಕ್ಕೆ ಹೋಗುವುದೆಂದರೆ ಅಳು, ಅಲ್ಲಿ ಮೇಡಂ ಗದರಿಕೆ. "ಮನೇಲೇ ಚೆನ್ನಾಗ್ ಮಾಡ್ತಾಳಲ್ಲಮ್ಮ, ನೀನಿದೀಯ, ಅಲ್ಲಿಗ್ಯಾಕೆ ಸುಮ್ನೆ" ಎಂದು ನಿನ್ನಪ್ಪ ಅದನ್ನೂ ನಿಲ್ಲಿಸಿದ. ನನಗೆ — ಇದನ್ನೂ ಬರೆಯುತ್ತೇನೆ — ಹಗುರವೆನಿಸಿತು. ಇನ್ನು ಆಟೋ ಹಿಡಿಯಬೇಕಿಲ್ಲ, ಸುಳ್ಳು ಹೇಳಬೇಕಿಲ್ಲ.

ಕೈ ಪೂರ್ತಿ ಸರಿಹೋಗುತ್ತಿತ್ತು ಎಂದು ನಾನು ಹೇಳಲಾರೆ, ನನಗೆ ಗೊತ್ತಿಲ್ಲ. ಹೋಗುತ್ತಿತ್ತೋ ಇಲ್ಲವೋ ಯಾರಿಗೂ ಯಾವತ್ತೂ ಗೊತ್ತಾಗದ ಹಾಗೆ ಮಾಡಿದೆ. ಈಗ ಮತ್ತೆ ಯಾರಾದರೂ ಡಾಕ್ಟರಿಗೆ ತೋರಿಸೋಣ ಎಂದು ನಿನ್ನಪ್ಪನಿಗೆ ಹೇಳುವ ಮೊದಲು ಈ ನಿಜ ಹೇಳಬೇಕು. ಇಲ್ಲದಿದ್ದರೆ ಅವರ ಮುಂದೆಯೂ ನೀನು, ನಾನೇ ಸೋಂಬೇರಿ ಡಾಕ್ಟ್ರೇ, ಎನ್ನುತ್ತೀಯ.

ಇದನ್ನು ನಿನ್ನ ದಿಂಬಿನ ಕೆಳಗಿಟ್ಟು ಮಲಗಿಬಿಡುವ ಯೋಚನೆ ಇತ್ತು. ಹಾಗೆ ಮಾಡುವುದಿಲ್ಲ. ಸಂಜೆ ನೀನು ಕಾಲೇಜಿನಿಂದ ಬಂದ ಮೇಲೆ, ಅಪ್ಪ ಅಮ್ಮನನ್ನೂ ಕೂರಿಸಿಕೊಂಡು, ನಾನೇ ಓದುತ್ತೇನೆ. ನಡುವೆ ಎದ್ದು ಹೋಗಬೇಕೆನಿಸಿದರೆ ಹೋಗು. ಮಾತು ಬಿಟ್ಟರೆ ಬಿಡು. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ಅದೂ ನಿನ್ನ ಮೇಲೆ ಇನ್ನೊಂದು ಭಾರ.

ಬೊಂಬೆಯ ಪೆಟ್ಟಿಗೆಯಿಂದ ಎರಡನೆಯ ಕಾರನ್ನೂ ಅದರ ರಿಮೋಟನ್ನೂ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಷೋಕೇಸಿನಲ್ಲಿರುವ ನಿನ್ನ ರಿಮೋಟನ್ನು ನಾನು ಮುಟ್ಟಿಲ್ಲ. ಮುಚ್ಚಳ ನೀನೇ ಬಿಚ್ಚಿಸಿ ನೋಡು. ತುಕ್ಕು ಹಿಡಿದಿರುತ್ತದೆ, ಆದರೆ ಒಂದು ಸೆಲ್ಲು ಇನ್ನೂ ತಿರುಗಿಯೇ ಇದೆ.

ನಿನಗೆ ಹಾಗನ್ನಿಸಿದ್ದಲ್ಲ ಪುಟ್ಟಿ. ಅವತ್ತು ಮೊದಲನೆಯ ಸಲವೇ ನೀನು ಗಟ್ಟಿಯಾಗಿ ಒತ್ತಿದ್ದೆ. ನಾನು ನೋಡಿದ್ದೆ.