ಕೆಳಗಿನ ಓಣಿಯ ನೀರಿನ ಗೆರೆ

ನಾನು ಪುರಸಭೆಯಲ್ಲಿ ನಕ್ಷೆ ಬರೆಯುವವನು. ಊರಿನ ಹೆಸರು ಹೇಳುವುದಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಲ್ಲದಕ್ಕೂ ಬಸ್ಸಿರುವ, ಆದರೆ ಯಾವ ಬಸ್ಸೂ ಹೊತ್ತಿಗೆ ಸರಿಯಾಗಿ ಬಾರದ ಊರು ಅಂದರೆ ಸಾಕು. ಇಷ್ಟು ವರ್ಷ ಗಟಾರಗಳನ್ನೇ ಬರೆದಿದ್ದೇನೆ. ಮದುವೆ ಮನೆಯಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಊಟದ ನೆಪ ಹೇಳಿ ಎದ್ದು ಹೋಗುತ್ತಿದ್ದೆ, ಅಷ್ಟು ನಾಚಿಕೆ. ಈಗ ನಾಚಿಕೆಗೆ ಬೇರೆ ಕಾರಣವಿದೆ.

ನಮ್ಮ ಊರಿನ ಹಳೆಯ ನಿಯಮದಲ್ಲಿ ಎಲ್ಲ ಓಣಿಗೂ ಒಂದೇ ಅಳತೆಯ ಗಟಾರ. ದಿಬ್ಬದ ಮೇಲಿನ ಓಣಿಗೂ ಅಷ್ಟೇ, ಊರಿನ ಮಳೆನೀರನ್ನೆಲ್ಲ ಹೊರಬೇಕಾದ ಕೆಳಗಿನ ಓಣಿಗೂ ಅಷ್ಟೇ. ಅದರ ಮೇಲೆ ಮನೆಮನೆಯವರೂ ಫರ್ಸಿಕಲ್ಲು ಹಾಸಿ ಕಟ್ಟೆ ಮಾಡಿಕೊಂಡು, ಸಂಜೆ ಆ ಕಟ್ಟೆಯ ಮೇಲೆ ಕೂತು ಪುರಸಭೆಯನ್ನು ಬೈಯುತ್ತಾರೆ. ನಾನೂ ನನ್ನ ಮನೆಯ ಮುಂದಿನ ಫರ್ಸಿಯ ಮೇಲೆ ಕೂತು ಬೈದಿದ್ದೇನೆ.

ಕೆಳಗಿನ ಓಣಿಯ ಕೊನೆಗೆ ಹಳ್ಳ. ಹಳ್ಳದ ತಿರುವಿನಲ್ಲೇ ಒಂದು ಹಿಟ್ಟಿನ ಗಿರಣಿ. ಗಿರಣಿ ನಡೆಸುತ್ತಿದ್ದವಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಯಂತ್ರದ ಪಟ್ಟಾ ಏರಿಸಿ ಇಳಿಸಿ ಮಾಡುವುದನ್ನು ಕಲಿತವಳು. ನಮ್ಮ ಮನೆಯ ಜೋಳ ಅಲ್ಲೇ ಬೀಸಿಸುತ್ತಿದ್ದೆವು. ನನ್ನನ್ನು 'ನಕ್ಷಾ ಸಾಹೇಬ್ರ' ಎಂದು ಚಾಷ್ಟಿ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಹಳ್ಳ ಓಣಿಯೊಳಗೆ ನುಗ್ಗಿದಾಗ ಗಿರಣಿಯ ಹಿಂದಿನ ಎರೆಮಣ್ಣಿನ ದಂಡೆ ಅರ್ಧ ಕುಸಿದು ಹೋಗಿತ್ತು. ಹಿತ್ತಲ ಗೋಡೆಗೂ ಹಳ್ಳಕ್ಕೂ ನಡುವೆ ಒಂದು ಎಮ್ಮೆ ಕಟ್ಟುವಷ್ಟು ಜಾಗ ಉಳಿದಿತ್ತು.

ಆ ನೀರು ಓಣಿಯ ಎಲ್ಲ ಗೋಡೆಗಳ ಮೇಲೂ ಗೆರೆ ಬಿಟ್ಟು ಹೋಗಿತ್ತು. ಎದೆಯ ಮಟ್ಟಕ್ಕೆ, ದಾರ ಹಿಡಿದು ಎಳೆದಂಥ ಕಪ್ಪು ಗೆರೆ. ಅದರ ಕೆಳಗೆ ಗೋಡೆ ತೇವ ಹಿಡಿದು ಸುಣ್ಣ ನಿಲ್ಲುತ್ತಿರಲಿಲ್ಲ. ಹೀಗಾಗಿ ಎರಡು ದಸರೆಯಲ್ಲೂ ಜನ ಗೆರೆಯ ಮೇಲ್ಭಾಗಕ್ಕಷ್ಟೇ ಹಚ್ಚಿ ಸುಮ್ಮನಾದರು. ಹಿಟ್ಟು ಬೀಸಿಸಿಕೊಳ್ಳಲು ಹೋದಾಗಲೆಲ್ಲ ಆ ಗೆರೆಗೆ ಆತುಕೊಂಡೇ ನಿಂತಿರುತ್ತಿದ್ದೆ. ಒಂದು ಫೋಟೋ ತೆಗೆದಿಡಬೇಕೆಂದು ಅನ್ನಿಸಲೇ ಇಲ್ಲ. ದಿನಾ ಕಾಣುವುದರ ಫೋಟೋ ಯಾರು ತೆಗೆಯುತ್ತಾರೆ?

ಕೊನೆಗೊಮ್ಮೆ ನಿಯಮ ಬದಲಿಸಲು ಮೇಲಿನಿಂದ ಅಪ್ಪಣೆ ಬಂತು. ಹೊಸ ನಿಯಮ ಒಳ್ಳೆಯದೇ ಇತ್ತು, ಅದನ್ನು ಈಗಲೂ ಹೇಳುತ್ತೇನೆ. ಹಿಂದೆ ನೀರು ಎಷ್ಟು ಎತ್ತರ ಏರಿತ್ತು ಎಂಬುದನ್ನು ನೋಡಿ ಓಣಿಗಳನ್ನು ಮೂರು ವರ್ಗ ಮಾಡುವುದು. ಒಂದನೇ ವರ್ಗಕ್ಕೆ ಅಗಲ ಗಟಾರ, ಮಣ್ಣು ಕೊಚ್ಚಿ ಹೋಗದಂತೆ ಹಳ್ಳದ ದಂಡೆಗೆ ಕಲ್ಲಿನ ಹೊದಿಕೆ. ಮೂರನೇ ವರ್ಗಕ್ಕೆ ಈಗ ಇದ್ದದ್ದೇ. ಕೆಳಗಿನ ಓಣಿ ಒಂದನೇ ವರ್ಗ ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡುಬಿಟ್ಟಿದ್ದೆ. ಗಿರಣಿಯ ಹಿಂದೆ ಕಲ್ಲು ಬೀಳುತ್ತದೆ, ಅವಳು ನಿಶ್ಚಿಂತೆಯಿಂದ ಇರುತ್ತಾಳೆ ಎಂದು ಖುಷಿಯಾಗಿತ್ತು.

ಸರ್ವೆಗೆ ನಾಲ್ಕು ದಿನ ಮೊದಲು ಗಿರಣಿಗೆ ಹೋಗಿ ಹೇಳಿದೆ.

"ಅಕ್ಕಾರ, ಸೋಮವಾರ ಸಾಹೇಬ್ರು ಅಳತಿಗೆ ಬರತಾರ. ಓಣಿ ಒಂಚೂರು ಚೊಕ್ಕ ಇರಲಿ."

"ಆತು ಬಿಡ್ರಿ. ನಿಮ್ಮ ಮರ್ಯಾದಿ ನಾವ್ಯಾಕ ಕಳೀತೇವಿ?" ಎಂದು ನಕ್ಕಳು.

ನಾನು ಹೇಳಿದ್ದು ಗಟಾರದ ಬಾಯಿಗೆ ಬಿದ್ದಿದ್ದ ಕಸದ ಬಗ್ಗೆ. ಹಿಂದಿನ ಸಲ ಬಂದಿದ್ದ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಜೀಪಿನಿಂದ ಇಳಿಯದೇ ಹೋಗಿದ್ದ. ಇವರಾದರೂ ಇಳಿಯಲಿ ಎಂಬುದಷ್ಟೇ ನನ್ನ ಆಸೆ.

ಸೋಮವಾರ ಓಣಿಯ ತಿರುವು ದಾಟಿದ ಕೂಡಲೇ ಗಕ್ಕನೆ ನಿಂತೆ. ಒಂದೊಂದು ಗೋಡೆಯೂ ನೀಲಿ ಬೆರೆಸಿದ ಸುಣ್ಣದಲ್ಲಿ ಹೊಳೆಯುತ್ತಿತ್ತು. ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಗೋಡೆಗಳೂ ಆ ಬೇಸಿಗೆಗೆ ಒಣಗಿ, ಸುಣ್ಣ ಚೆನ್ನಾಗಿ ಹಿಡಿದಿತ್ತು. ಗಿರಣಿಯವಳು ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

"ಇಡೀ ಓಣಿ ಕೂಡಿ ಒಳಗೂ ಹೊರಗೂ ಹಚ್ಚೇವ್ರಿ. ಮದಲ ನಾರಿನಿಂದ ತಿಕ್ಕಿ ತೊಳದು, ಆಮ್ಯಾಲ ಎರಡು ಕೈ. ಹೆಂಗೈತಿ?"

ನಾನು ತಟ್ಟೆಯಿಂದ ಒಂದು ಚಹಾ ತೆಗೆದುಕೊಂಡೆ.

ಬಂದಿದ್ದ ಇಂಜಿನಿಯರು ಕೆಟ್ಟವನೇನಲ್ಲ. ಜೀಪಿನಿಂದ ಇಳಿದ, ಚಹಾ ಕುಡಿದ, ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದ. ಒಬ್ಬರು ಸೊಂಟ ಮುಟ್ಟಿ ತೋರಿಸಿದರು, ಒಬ್ಬರು ಕುತ್ತಿಗೆ. ಒಬ್ಬಾಕೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ಅದರಲ್ಲಿ ಕೆಂಪು ನೀರು, ಕೂಗಾಟ, ಮತ್ತೆ ಯಾರದೋ ಬೆರಳು.

"ಇದರಲ್ಲಿ ಎತ್ತರ ಗೊತ್ತಾಗಲ್ಲ. ಗೋಡೆ ಮೇಲೆ ಗುರುತು ಇದ್ದರೆ ತೋರಿಸಿ, ಅಳೆದುಕೊಳ್ಳುತ್ತೇನೆ" ಅಂದ.

ಗಿರಣಿಯವಳು ತಟಕ್ಕನೆ ತಿರುಗಿ ಗೋಡೆಗೆ ಕೈ ಚಾಚಿದಳು. ಕೈ ಹಾಗೇ ನಿಂತಿತು. ಆಮೇಲೆ ಉಗುರಿನಿಂದ ಸುಣ್ಣ ಕೆರೆಯತೊಡಗಿದಳು. ಒಳಗೂ ಬೆಳ್ಳಗೇ ಇತ್ತು. ಪಕ್ಕದ ಮನೆಯ ಗೋಡೆ ಕೆರೆದಳು. ಅಲ್ಲೂ ಏನೂ ಇರಲಿಲ್ಲ. ಆಕೆಯ ಉಗುರಿನ ಸಂದಿಯಲ್ಲಿ ಸುಣ್ಣ ತುಂಬಿದ್ದು ನನಗೆ ಇವತ್ತಿಗೂ ಕಾಣುತ್ತದೆ.

"ಬಾಯಿ ಮಾತನ್ನು ಬರೆದುಕೊಳ್ಳೋಕೆ ಈ ಫಾರಂನಲ್ಲಿ ಜಾಗ ಇಲ್ಲ" ಎಂದು ಇಂಜಿನಿಯರು ಬೇಸರದಿಂದಲೇ ಹೇಳಿ ಹೋದ. ಗುರುತು ಸಿಗದ ಓಣಿ ಮೂರನೇ ವರ್ಗಕ್ಕೆ ಬಿತ್ತು.

ತಿದ್ದಲು ದಾರಿ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕರಡು ನಿಯಮವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದವನು ನಾನೇ. ತಕರಾರು ಇದ್ದವರು ಬರೆದು ಕೊಡಬೇಕು ಎಂದು ಅದರ ಕೆಳಗೇ ಇತ್ತು. ಪುರಸಭೆಯ ನಮ್ಮ ಸಾಹೇಬರ ಕೋಣೆಗೆ ಹೋಗಿ ಗೆರೆಯನ್ನು ಕಣ್ಣಾರೆ ಕಂಡಿದ್ದೇನೆ ಎಂದೆ.

"ಬರದು ಕೊಡ್ರಿ. ಆದರ ಆ ಗುರುತು ಹೆಂಗ ಹೋತು ಅಂತ ಕೇಳ್ತಾರ. ಅದನ್ನೂ ಬರೀರಿ" ಅಂದರು.

ಬರೆದೆ. ಒಂದು ಪುಟ. ಓಣಿ ಚೊಕ್ಕ ಮಾಡಲು ಹೇಳಿದ್ದು ನಾನು ಎಂಬ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟೆ. ಸರ್ವೆಗೆ ಮುಂಚೆ ಸಾಕ್ಷಿ ಅಳಿಸಿದ ನೌಕರ ಎಂದು ಫೈಲಿನಲ್ಲಿ ಕೂತರೆ ನನ್ನ ಗತಿ ಏನು ಎಂದು ಹೆದರಿದೆ. ಆ ಹಾಳೆ ನನ್ನ ಊಟದ ಚೀಲದಲ್ಲಿ ಮಡಚಿಕೊಂಡು ದಿನಾ ಆಫೀಸಿಗೆ ಬಂತು, ದಿನಾ ಮನೆಗೆ ಹೋಯಿತು. ಕೆಳಗಿನ ಓಣಿಯವರು ನೋಟಿಸ್ ಬೋರ್ಡು ಓದುವವರಲ್ಲ. ಅವಧಿ ಮುಗಿಯಿತು, ಸಭೆಯಲ್ಲಿ ಚಹಾ ಬರುವಷ್ಟರಲ್ಲಿ ನಿಯಮ ಪಾಸಾಯಿತು.

ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಹಳ್ಳ ಮತ್ತೆ ಬಂತು. ಜೀವ ಯಾರದೂ ಹೋಗಲಿಲ್ಲ. ಗಿರಣಿಯ ಹಿಂದೆ ಉಳಿದಿದ್ದ ದಂಡೆ ಹೋಯಿತು, ಹಿತ್ತಲ ಗೋಡೆ ಹೋಯಿತು, ಗೋಡೆಯ ಬುಡಕ್ಕಿದ್ದ ಬೀಸುವ ಯಂತ್ರ ಹಳ್ಳಕ್ಕೆ ಮಗುಚಿತು. ಮರುದಿನ ಬೆಳಿಗ್ಗೆ ಹೋದಾಗ ಮುಂದಿನ ಗೋಡೆಯೊಂದೇ ಬಾಗಿಲ ಸಮೇತ ನಿಂತಿತ್ತು. ಬಾಗಿಲಾಚೆ ನೇರ ಹಳ್ಳವೇ ಕಾಣುತ್ತಿತ್ತು. ನೀಲಿ ಸುಣ್ಣದ ಮೇಲೆ, ನನ್ನ ಭುಜದ ಮಟ್ಟಕ್ಕೆ, ಹೊಸ ಕಪ್ಪು ಗೆರೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಬದುಕುತ್ತಿದ್ದೆ.

"ತಪ್ಪು ನಮ್ಮದರಿ ಸಾಹೇಬ್ರ. ನೀವು ಚೊಕ್ಕ ಇಡ್ರಿ ಅಂದ್ರಿ, ನಾವು ಬುದ್ಧಿಗೇಡಿಗಳು ಸುಣ್ಣ ಹಚ್ಚಿದಿವಿ. ಈ ಸಲ ಯಾರೂ ಮುಟ್ಟಬ್ಯಾಡ್ರಿ ಅಂತ ಹೇಳೇನಿ. ಗೆರಿ ಹಂಗ ಐತಿ. ಬರಕೊಳ್ರಿ."

ಟೇಪು ಬಿಚ್ಚಿದೆ. ಅದರ ತುದಿಯನ್ನು ಅವಳೇ ನೆಲಕ್ಕೆ ಒತ್ತಿ ಹಿಡಿದಳು. ಅಳತೆ ಬರೆದುಕೊಂಡೆ. ನಿಯಮದ ಪುಸ್ತಕ ಆಗಲೇ ಅಚ್ಚಾಗಿ ಬಂದಿದೆ, ಮತ್ತೆ ಯಾವಾಗ ತಿದ್ದುತ್ತಾರೋ ಯಾರಿಗೂ ಗೊತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಚೀಲದಲ್ಲಿದ್ದ ಹಾಳೆಯ ವಿಷಯವನ್ನೂ ಹೇಳಲಿಲ್ಲ.

ದಸರೆ ಬಂತು. ಊರೆಲ್ಲ ಬೆಳ್ಳಗಾಯಿತು. ಕೆಳಗಿನ ಓಣಿಯವರು ಮಾತ್ರ ಒಂದು ಗೋಡೆಗೂ ಸುಣ್ಣ ಹಚ್ಚಲಿಲ್ಲ. ಕೆಸರಿನ ಗೋಡೆಗಳಿಗೇ ಮಾವಿನ ತೋರಣ ಕಟ್ಟಿ ಹಬ್ಬ ಮಾಡಿದರು. ಆಕೆ ಈಗ ಬಸ್ ಸ್ಟ್ಯಾಂಡಿನ ಹತ್ತಿರ ಬೇರೆಯವರ ಗಿರಣಿಯಲ್ಲಿ ಕೂಲಿಗಿದ್ದಾಳೆ. ಹಬ್ಬದ ಬನ್ನಿ ಎಲೆ ಕೊಡಲು ಹೋದಾಗ ಎರಡೂ ಕೈಯಿಂದ ಇಸಿದುಕೊಂಡು ಕೇಳಿದಳು.

"ಓಣ್ಯಾಗ ಎಲ್ಲಾರೂ ಕೇಳಾಕತ್ತಾರ. ಗೆರಿ ನೋಡಾಕ ಸಾಹೇಬ್ರು ಯಾವಾಗ ಬರತಾರ್ರಿ?"

"ಬರತಾರ," ಅಂದೆ. "ಅಲ್ಲೀತನಕ ಅಳಸಬ್ಯಾಡ್ರಿ."