ಇಲಿ ಮೇಷ್ಟ್ರ ಪರೀಕ್ಷೆ

ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಇಲಿ ಮೇಷ್ಟ್ರು ಅನ್ನುತ್ತಿದ್ದರು. ಓದಿದ್ದು ಅಷ್ಟಕ್ಕಷ್ಟೆ, ಆದರೆ ಇಲಿ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಅದರ ಪೂರ್ವಾಪರವೆಲ್ಲ ಹೇಳಿಬಿಡುವವನು. ಹಿಂಗಾಲಿಗೆ ಶಾಯಿ ಬಳಿದು ಬಿಳಿ ಕಾಗದದ ಮೇಲೆ ನಡೆಸಿ ಹೆಜ್ಜೆ ಅಳೆಯುವುದು ಅವನ ಕೆಲಸ. ಆಮೇಲೆ ಮುಂಗಾಲಿಗೆ ತಂತಿ ಕೊಟ್ಟು, ಬಾಲ ಹಿಡಿದು ಮೆಲ್ಲಗೆ ಎಳೆಯಬೇಕು. ಗಟ್ಟಿ ಇಲಿ ಅಷ್ಟು ಸುಲಭಕ್ಕೆ ತಂತಿ ಬಿಡುವುದಿಲ್ಲ.

ಅರ್ಧ ಇಲಿಗಳಿಗೆ ಆರು ತಿಂಗಳಿಂದ ಮಹಡಿಯ ಕೋಣೆಯಲ್ಲಿ ಯಾವುದೋ ದ್ರಾವಕದ ಆವಿ, ಉಳಿದವಕ್ಕೆ ಬರೀ ಗಾಳಿ. ಯಾವುದಕ್ಕೆ ಯಾವುದೆಂದು ಅವನಿಗೆ ಹೇಳುವಂತಿರಲಿಲ್ಲ, ಅವನು ಮಹಡಿ ಹತ್ತುವಂತೆಯೂ ಇರಲಿಲ್ಲ. ಗೊತ್ತಾದರೆ ಅಳೆಯುವ ಕೈ ಒಂದು ಕಡೆ ವಾಲೀತು ಅಂತ.

ಅವನನ್ನು ಸಾಕಿದ್ದು ಅಕ್ಕ. ಇಪ್ಪತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಚಪ್ಪಲಿಯ ಅಟ್ಟೆಗೆ ಅಂಟು ಹಚ್ಚುತ್ತಿದ್ದಳು. ಧೂಳು ಕೂತರೆ ಅಂಟು ಕೆಡುತ್ತದೆಂದು ಕಿಟಕಿ ಸದಾ ಮುಚ್ಚಿರುತ್ತಿತ್ತು. ಬಂದವರು ಮೂಗು ಮುಚ್ಚಿದರೆ, "ಈ ವಾಸನೇನೇ ನನ್ನ ತಮ್ಮನ್ನ ಓದಿಸಿದ್ದು" ಅನ್ನುತ್ತಿದ್ದಳು. ಹೋದ ವಾರ ಅಂಗಡಿಗೆ ಹೋದವಳು ಒಂದೇ ಚಪ್ಪಲಿಯಲ್ಲಿ ಬಂದಳು. ಇನ್ನೊಂದು ಎಲ್ಲಿ ಕಳಚಿತೋ ಅವಳಿಗೇ ಗೊತ್ತಿಲ್ಲ.

"ಚಪ್ಪಲಿ ಅಂಟಿಸೋಳ ಕಾಲಿಗೇ ಚಪ್ಪಲಿ ಅಂಟಲ್ವಲ್ಲ!" ಎಂದು ಇವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ದೊಡ್ಡ ಪರೀಕ್ಷಕ!

ಪ್ರಯೋಗ ಮುಗಿದ ದಿನ, ಅದನ್ನು ನಡೆಸುತ್ತಿದ್ದ ಮೇಡಂ ಯಾವ ಇಲಿಗೆ ಯಾವುದೆಂಬ ಗುಟ್ಟಿನ ಪಟ್ಟಿ ಬಿಚ್ಚಿದರು. ಕಾಲು ಅಗಲಿಸಿ ಎಳೆದು ನಡೆಯುತ್ತವೆ ಎಂದು ಅವನು ಬರೆದ ಹನ್ನೆರಡು ಇಲಿಗಳೂ ಆವಿಯವೇ.

"ನಿಮ್ಮ ಕಣ್ಣಿಗೆ ಶರಣು ಮೇಷ್ಟ್ರೇ. ಇವುಗಳ ನರ ತುದಿಯಿಂದ ಸಾಯ್ತಾ ಬಂದಿದೆ. ಮೊದಲು ಪಾದ, ಆಮೇಲೆ ಕೈ."

"ಅಂಥದ್ದು ಏನು ಮೇಡಂ ಕೊಟ್ಟಿದ್ದು?"

ಅವರು ಸೀಸೆಯ ಮುಚ್ಚಳ ಕೊಂಚ ತೆರೆದು ದೂರದಿಂದಲೇ ತೋರಿಸಿದರು. ಅದು ಅವನ ಮನೆಯ ವಾಸನೆ. ಬಾಲ್ಯದಿಂದ ಬಾಗಿಲು ತೆರೆದೊಡನೆ ಬರುತ್ತಿದ್ದ ವಾಸನೆ.

ಮಧ್ಯಾಹ್ನವೇ ಓಡುತ್ತ ಮನೆಗೆ ಬಂದು ಕಿಟಕಿ ತೆರೆದ.

"ಧೂಳು ಬರತ್ತೆ, ಮುಚ್ಚೋ!"

ಅವನು ಅಂಟಿನ ಡಬ್ಬ ಹೊರಗಿಟ್ಟು ಬಂದು ಅವಳ ಮುಂದೆ ಕುಳಿತು ಬೆರಳು ಚಾಚಿದ. "ಅಕ್ಕ, ಇದನ್ನ ಗಟ್ಟಿಯಾಗಿ ಹಿಡ್ಕೋ. ಏನೇ ಆದ್ರೂ ಬಿಡಬೇಡ."

"ನಾನೇನು ನಿನ್ನ ಇಲೀನಾ?" ಎಂದು ನಗುತ್ತ ಹಿಡಿದಳು. ಕಣ್ಣು ಮಾತ್ರ ಒಣಗುತ್ತಿದ್ದ ಅಟ್ಟೆಯ ಮೇಲೇ ಇತ್ತು.

ಅವನು ಇಲಿಯನ್ನು ಎಳೆಯುವಷ್ಟೇ ಮೆಲ್ಲಗೆ ಎಳೆದ. ಬೆರಳು ಜಾರಿ ಹೊರಬಂತು. ಅವಳ ಅರೆಮುಷ್ಟಿ ಖಾಲಿ ಗಾಳಿಯಲ್ಲಿ ಹಾಗೇ ನಿಂತಿತ್ತು.

"ಎಳಿಯೋ ಮೇಷ್ಟ್ರೇ, ಯಾಕೆ ಸುಮ್ನಾದೆ?" ಎಂದಳು ಅಕ್ಕ, ಅಟ್ಟೆಯತ್ತಲೇ ನೋಡುತ್ತ. "ನಾನಿನ್ನೂ ಬಿಟ್ಟಿಲ್ಲ."